ಭಾವ ಕೊಟ್ಟ ಕುರ್ಚಿ

ಆದೇಶ ಬಂದಾಗ ಗಟ್ಟಿಗಿತ್ತಿ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಒದ್ದೆ ಪೈಪುಗಳನ್ನು ಒಣಗಲು ಎಳೆದು ಹಾಕುತ್ತಿದ್ದಳು. ಮೊಣಕೈವರೆಗೂ ಕೆಸರು ಮೆತ್ತಿತ್ತು. ನಗರಸಭೆಯ ಜವಾನ ಲಕೋಟೆ ಚಾಚಿದ. "ನನ್ನ ಕೈ ನೋಡಿ ಹೇಗಿದೆ. ನೀವೇ ಒಡೆದು ಓದಿಬಿಡಿ," ಎಂದಳು. ಅವನು ಗಂಟಲು ಸರಿಮಾಡಿಕೊಂಡು, ದೊಡ್ಡ ಸಭೆಯೆದುರು ನಿಂತವನಂತೆ ಓದಿದ. ಮುಂದಿನ ತಿಂಗಳಿಂದ ಈ ಠಾಣೆಗೆ ಇವಳೇ ಅಧಿಕಾರಿ.

ಅಂಗಳದಲ್ಲಿದ್ದವರು ಕೈಯಲ್ಲಿದ್ದ ಕೆಲಸ ಕೆಳಗಿಟ್ಟರು. ಆಮೇಲೆ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಉಳಿದವರು ಸೇರಿಕೊಂಡರು. ಗಾಡಿಯ ಚಕ್ರದ ಬಳಿ ಕೂತು ನಟ್ಟು ಬಿಗಿಮಾಡುತ್ತಿದ್ದ ಸಿಡುಕಣ್ಣ ಮಾತ್ರ ತಲೆಯೆತ್ತದೆ, ಬಿಗಿಯಾದ ನಟ್ಟನ್ನೇ ಮತ್ತೆ ಬಿಗಿಮಾಡುತ್ತಿದ್ದ.

ಗಟ್ಟಿಗಿತ್ತಿ ಎಂಬ ಹೆಸರು ಅವಳಿಗೆ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅಂಟಿಕೊಂಡಿತ್ತು. ಮುದ್ರಣಾಲಯವೊಂದಕ್ಕೆ ಬೆಂಕಿ ಬಿದ್ದಾಗ, ತನಗಿಂತ ಎರಡು ಪಟ್ಟು ದಪ್ಪಗಿದ್ದ ಅದರ ಮಾಲೀಕನನ್ನು ಹೆಗಲ ಮೇಲೆ ಹೊತ್ತು ಮಹಡಿಯಿಂದ ಇಳಿಸಿದ್ದಳು. ಆ ಮಹಾಶಯ ದಾರಿಯುದ್ದಕ್ಕೂ "ನನ್ನ ಚಪ್ಪಲಿ ಅಲ್ಲೇ ಉಳೀತು" ಎಂದು ಗೋಳಾಡಿದ್ದನಂತೆ. ಠಾಣೆಯಲ್ಲಿ ಈಗಲೂ ಯಾರಾದರೂ ಸಣ್ಣದಕ್ಕೆ ಗೊಣಗಿದರೆ, "ಚಪ್ಪಲಿ ಸಿಕ್ತಾ?" ಎಂದು ಕೇಳುತ್ತಾರೆ.

ಸಿಡುಕಣ್ಣ ಅವಳಿಗೆ ಕೆಲಸ ಕಲಿಸಿದವನು. ಕಲಿಸಿದ್ದು ಪೂರ್ತಿ ಬೈಗುಳದಲ್ಲೇ. ಹಳೆಯ ಅಧಿಕಾರಿಯ ಮಂಡಿ ಕೈಕೊಟ್ಟ ಮೇಲೆ ಠಾಣೆಯನ್ನು ನಿಜವಾಗಿ ನಡೆಸುತ್ತಿದ್ದವನೂ ಅವನೇ. ಹಳೆಯವರು ನಿವೃತ್ತರಾದಾಗ ಮುಂದಿನವನು ಯಾರು ಎಂದು ಕೇಳುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ. ಗಟ್ಟಿಗಿತ್ತಿಯೂ ಕೇಳಿರಲಿಲ್ಲ. ಆದರೆ ತನ್ನ ಹೆಸರು ಗಟ್ಟಿಯಾಗಿ ಓದಿದ್ದು ಕಿವಿಗೆ ಬಿದ್ದಾಗ ಅವಳೊಳಗೆ ಏನೋ ಬೆಚ್ಚಗಾಯಿತು. ಕೊನೆಗೂ ನನ್ನ ಕೆಲಸ ಯಾರ ಕಣ್ಣಿಗೋ ಬಿತ್ತು ಎಂದುಕೊಂಡಳು. ಅಕ್ಕನ ಗಂಡ ನಗರಸಭೆಯ ಅಧ್ಯಕ್ಷರಾಗಿ ಇನ್ನೂ ಹೊಸತು ಎಂಬುದು ಅವಳಿಗೆ ನೆನಪಿರಲಿಲ್ಲವೆಂದಲ್ಲ. ಆ ನೆನಪನ್ನು ಹತ್ತಿರಕ್ಕೆ ಬಿಟ್ಟುಕೊಳ್ಳಲಿಲ್ಲ, ಅಷ್ಟೇ.

ಮನೆಯಲ್ಲಿ ಅಮ್ಮ ಸುದ್ದಿ ಕೇಳಿ ಹಿಗ್ಗಿ ಹೀರೇಕಾಯಿಯಾದಳು. "ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯ್ತು ನೋಡು," ಎಂದಳು.

"ನಾನು ನಾರೇನಮ್ಮಾ?"

"ಗಾದೆ ಕಣೇ. ಗಾದೆಗೆಲ್ಲ ಮುಖ ಊದಿಸ್ಕೊಂಡ್ರೆ ಹೇಗೆ?"

ಹೊಸ ಕುರ್ಚಿಯ ಮೊದಲ ದಿನಗಳು ಚೆನ್ನಾಗಿಯೇ ಇದ್ದವು. ಆಮೇಲೆ ಒಂದು ಬೆಳಗ್ಗೆ ಅಭ್ಯಾಸದ ಹೊತ್ತಿನಲ್ಲಿ ಅವಳು ಎರಡು ಪೈಪುಗಳ ಬಾಯಿ ಸೇರಿಸುವಾಗ ಕೊಂಡಿ ಸರಿಯಾಗಿ ಕೂರಿಸಲಿಲ್ಲ. ನೀರು ಬಿಟ್ಟ ಕೂಡಲೇ ಪೈಪು ಬಿಚ್ಚಿಕೊಂಡು ಹಾವಿನಂತೆ ಹೊರಳಾಡಿ ಸುತ್ತಲಿದ್ದವರನ್ನೆಲ್ಲ ತೋಯಿಸಿತು. ನಿಜವಾದ ಬೆಂಕಿಯಲ್ಲಾಗಿದ್ದರೆ ಯಾರದಾದರೂ ಮೂಳೆ ಮುರಿಯುತ್ತಿತ್ತು. ಅವಳು ತಲೆ ತಗ್ಗಿಸಿ ನಿಂತು ಸಿಡುಕಣ್ಣನ ಸಹಸ್ರನಾಮಕ್ಕೆ ಕಾದಳು.

"ಸೆಖೆಗೆ ಒಳ್ಳೇದೇ ಆಯ್ತು," ಎಂದು ಡ್ರೈವರ್ ನಕ್ಕ. ಉಳಿದವರೂ ನಕ್ಕರು, ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚೇ. ಸಿಡುಕಣ್ಣ ಮುಖದ ನೀರು ಒರೆಸಿಕೊಂಡು, "ಪರವಾಗಿಲ್ಲ ಮೇಡಂ. ಆಗತ್ತೆ," ಎಂದ.

ಅವನ ಬಾಯಿಂದ ಇಷ್ಟು ವರ್ಷ ಕೇಳಿದ ಬೈಗುಳಗಳಲ್ಲಿ ಯಾವುದೂ ಆ ಮಾತಿನಷ್ಟು ನಾಟಿರಲಿಲ್ಲ. ಇವರಿಗೆ ನಾನು ಈಗ ಜೊತೆಗಾರಳಲ್ಲ, ಅಧ್ಯಕ್ಷರ ನಾದಿನಿ. ಅದು ಅವಳಿಗೆ ಹೊಳೆದದ್ದು, ಷೂ ತುಂಬ ನೀರು ತುಂಬಿಕೊಂಡು ಕಚೇರಿಯ ಕಡೆ ಪಚಪಚ ನಡೆಯುವಾಗ.

ಆ ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಆ ಮನೆ ಅವಳಿಗೆ ಹೊಸದಲ್ಲ. ಅಪ್ಪ ಸತ್ತ ಮೇಲೆ, ಅವಳು ದುಡಿಯತೊಡಗುವವರೆಗೂ, ಅಮ್ಮನನ್ನೂ ಅವಳನ್ನೂ ಕರೆತಂದು ಅಲ್ಲಿ ಇಟ್ಟುಕೊಂಡಿದ್ದು ಭಾವನೇ. ಅವಳಿಗೆ ಸೈಕಲ್ ಕಲಿಸಿದ್ದು ಭಾವ. 'ಹೆಣ್ಣುಮಗಳಿಗೆ ಬೆಂಕಿ ಆರಿಸೋ ಕೆಲಸ ಯಾಕೆ' ಎಂದು ನೆಂಟರೆಲ್ಲ ಮೂಗು ಮುರಿದಾಗ, "ನಿಮ್ಮನೆಗೆ ಬೆಂಕಿ ಬಿದ್ದಾಗ ಅವಳನ್ನ ಕಳಿಸಲ್ಲ ಬಿಡಿ," ಎಂದು ಎಲ್ಲರ ಬಾಯಿ ಮುಚ್ಚಿಸಿದ್ದೂ ಭಾವ. ಹೀಗಾಗಿ ಅವರ ಮಾತಿಗೆ ಎದುರಾಡಿ ಅವಳಿಗೆ ರೂಢಿಯೇ ಇರಲಿಲ್ಲ.

ಊಟ ಮುಗಿದ ಮೇಲೆ ಭಾವ ಕೈ ಒರೆಸಿಕೊಳ್ಳುತ್ತ ವಿಷಯಕ್ಕೆ ಬಂದರು. "ಪೇಟೆ ಬೀದೀಲಿ ಹೊಸ ಸಭಾಂಗಣ ಆಗಿದೆಯಲ್ಲಮ್ಮ, ನನ್ನ ಗೆಳೆಯಂದು. ಅದಕ್ಕೊಂದು ಸುರಕ್ಷತಾ ಪತ್ರ ಬೇಕು. ಆ ಸಿಡುಕ ಹೋದಾಗಲೆಲ್ಲ ಹಿಂಬಾಗಿಲು ಸರಿಯಿಲ್ಲ ಅಂತ ವಾಪಸ್ ಬಂದ. ನೀನು ಹೋಗಿ ಒಂದು ಸಹಿ ಹಾಕಿ ಬಾ."

ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಅದಕ್ಕೇನಾ ಭಾವ, ಅವರಿಗೆ ಕೊಡದೆ ನನಗೆ ಕೊಟ್ಟಿದ್ದು?"

"ಅಯ್ಯೋ, ಯೋಗ್ಯತೆ ಇಲ್ದೆ ಕೊಟ್ಟೆನಾ? ನಿಂಗೆ ಯೋಗ್ಯತೆ ಇದೆ. ಆದ್ರೆ ಯೋಗ್ಯತೆ ಅನ್ನೋದು ಊರ ತುಂಬ ಜನಕ್ಕಿರತ್ತೆ ಕಣಮ್ಮ. ಅವರಲ್ಲಿ ನಮ್ಮವರು ಯಾರು ಅಂತ ತಾನೇ ನೋಡಬೇಕಾದ್ದು? ಬಡಿಸೋರು ನಮ್ಮವರಾದ್ರೆ ಕಡೇ ಪಂಕ್ತೀಲಿ ಕೂತ್ರೂ ಊಟ ಸಿಗತ್ತೆ. ನಿಂಗೆ ಬಡಿಸಿದ್ದಾಯ್ತು. ಈಗ ನೀನೂ ಒಂಚೂರು ಬಡಿಸು."

ಭಾವ ಇದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಸೈಕಲ್ ಹಿಂದೆ ಓಡಿಬರುತ್ತಿದ್ದಾಗ ಇದ್ದ ಅದೇ ಅಕ್ಕರೆ ದನಿಯಲ್ಲಿತ್ತು. ಅವಳಿಗೆ ಹೆದರಿಕೆಯಾಗಿದ್ದು ಆ ಅಕ್ಕರೆ ಕಂಡೇ.

ಮರುದಿನ ಠಾಣೆಯ ಹಿಂದಿನ ಉಗ್ರಾಣದಲ್ಲಿ ಸಿಡುಕಣ್ಣ ಹೆಲ್ಮೆಟ್ಟುಗಳ ಪಟ್ಟಿ ಹೊಲಿಯುತ್ತಿದ್ದ. ಅವಳು ಬಾಗಿಲು ಮುಂದೆ ಮಾಡಿ ಎದುರಿಗೆ ಮಗುಚಿದ ಬಕೆಟ್ಟಿನ ಮೇಲೆ ಕೂತಳು.

"ಸಭಾಂಗಣದ ವಿಷಯ ನನಗ್ಯಾಕೆ ಹೇಳ್ಲಿಲ್ಲ ಅಣ್ಣ?"

"ಹೇಳಿದ್ರೆ ನಂಗೆ ಹೊಟ್ಟೆಕಿಚ್ಚು ಅಂತಿದ್ದೆ."

ಅವಳು ಯೋಚಿಸಿದಳು. "ಹೌದು, ಅಂತಿದ್ದೆ."

"ಮತ್ತೆ?" ಸಿಡುಕಣ್ಣ ದಾರ ಕಚ್ಚಿ ಹರಿದ. "ಇದೆ ಕೂಡ, ಹೊಟ್ಟೆಕಿಚ್ಚು. ಇಲ್ಲ ಅಂದ್ರೆ ಸುಳ್ಳಾಗತ್ತೆ. ಮನೇಲಿ ಹೆಂಡ್ತಿ ಮುಖ ನೋಡಕ್ಕಾಗ್ತಿಲ್ಲ."

"ನಾಳೇನೇ ರಾಜೀನಾಮೆ ಕೊಡ್ತೀನಿ."

"ಕೊಡು. ನಾಡಿದ್ದು ನಿನ್ನ ಭಾವನ ತಮ್ಮ ಬಂದು ಕೂರ್ತಾನೆ. ಅವನ ಹೆಸರೂ ಕಡತದಲ್ಲಿದೆ. ಅವನು ಬೆಂಕಿ ನೋಡಿರೋದು ಸಿಗರೇಟಿನ ತುದೀಲಿ ಮಾತ್ರ."

ಭಾವನ ತಮ್ಮನನ್ನು ಊರೆಲ್ಲ ಬಲ್ಲದು. ಮೊಬೈಲ್ ಅಂಗಡಿ ಇಟ್ಟು ಮುಚ್ಚಿದ, ವ್ಯಾಯಾಮಶಾಲೆ ತೆರೆದು ಮುಚ್ಚಿದ, ಯಾವಾಗಲೂ ಕಪ್ಪು ಕನ್ನಡಕ ಹಾಕಿ ತಿರುಗುವ ಆಸಾಮಿ. ಅವನು ಈ ಗಾಡಿಯ ಮುಂದಿನ ಸೀಟಿನಲ್ಲಿ ಕೂತು, ಯಾರನ್ನು ಒಳಗೆ ಕಳಿಸಬೇಕು, ಯಾರನ್ನು ಹೊರಗೆ ಕರೆಯಬೇಕು ಎಂದು ಹೇಳುವುದನ್ನು ಅವಳು ಊಹಿಸಿಕೊಂಡಳು.

"ಹಾಗಾದ್ರೆ ನಾನೇನ್ಮಾಡ್ಲಿ?"

"ಅದನ್ನೂ ನಾನೇ ಹೇಳ್ಬೇಕಾ? ಕುರ್ಚಿ ನಿಂದು."

ಉಗ್ರಾಣದಿಂದ ಹೊರಬರುವಷ್ಟರಲ್ಲಿ ಅವಳ ಮನಸ್ಸು ಒಂದು ಕಡೆ ಗಟ್ಟಿಯಾಗಿತ್ತು. ಕುರ್ಚಿ ಬಿಟ್ಟು ಎದ್ದರೆ ಕೈ ತೊಳೆದುಕೊಂಡ ಹಾಗಾಗುತ್ತದೆ, ಕೈ ಮಾತ್ರ. ಯೋಗ್ಯರ ಕೈಗೆ ಒಪ್ಪಿಸುವವರೆಗೆ ಕೂತಿರಬೇಕು. ಕೂತಷ್ಟು ದಿನ ಕುರ್ಚಿಯ ಕೆಲಸ ಮಾಡಬೇಕು.

ಅದೇ ಮಧ್ಯಾಹ್ನ ಸಭಾಂಗಣಕ್ಕೆ ಹೋದಳು. ನೆಲ ಕನ್ನಡಿಯಂತಿತ್ತು, ಕುರ್ಚಿಗಳು ಕೆಂಪು ಮಖಮಲ್ಲಿನವು, ಪರದೆ ನೆಲದವರೆಗೂ ಇಳಿಬಿದ್ದಿತ್ತು. ಹಿಂಬಾಗಿಲು ಎರಡು. ಒಂದರ ಮುಂದೆ ಮರದ ಸಾಮಾನು ಪೇರಿಸಿಟ್ಟಿದ್ದರು. ಇನ್ನೊಂದು ಒಳಕ್ಕೆ ತೆರೆಯುವಂಥದ್ದು. ಗಾಬರಿಯಲ್ಲಿ ಜನ ಬಂದು ಒತ್ತಿದರೆ ತೆರೆಯುವ ಬದಲು ಮುಚ್ಚಿಕೊಳ್ಳುತ್ತದೆ. ಸಾಲದ್ದಕ್ಕೆ ಅದಕ್ಕೊಂದು ಬೀಗ. ಬೀಗದ ಕೈ ಕಾವಲುಗಾರನ ಹತ್ತಿರ, ಕಾವಲುಗಾರ ಚಹಾ ಕುಡಿಯಲು ಹೋಗಿದ್ದಾನೆ.

"ಬಾಗಿಲು ಹೊರಕ್ಕೆ ತೆರೆಯೋ ಹಾಗೆ ಮಾಡಿಸಿ, ಸಾಮಾನು ತೆಗೆಸಿ. ಆಮೇಲೆ ಬರ್ತೀನಿ," ಎಂದಳು.

ಮಾಲೀಕ ಹುಬ್ಬು ಗಂಟಿಕ್ಕಿದ. "ನಿಮ್ಮ ಭಾವ ನಿಮಗೆ ಹೇಳಿಲ್ವಾ?"

"ನನಗೆ ಹೇಳಿದಾರೆ. ಬಾಗಿಲಿಗೆ ಹೇಳಿಲ್ಲ ಅನ್ಸತ್ತೆ."

ಸಂಜೆಯೊಳಗೆ ಭಾವನ ಫೋನು ಬಂತು. ಮೊದಲು ನಗು, ನಂತರ ಬುದ್ಧಿಮಾತು, ಕೊನೆಗೆ ಸಿಟ್ಟು. "ನಾನು ಕೂರಿಸಿದ ಕುರ್ಚೀಲಿ ಕೂತು ನಂಗೇ ಕಾಲು ತೋರಿಸ್ತೀಯಾ?" ಎಂದು ಇಟ್ಟುಬಿಟ್ಟರು.

ಮಾರನೆಯ ದಿನ ಅಕ್ಕನೇ ಠಾಣೆಗೆ ಬಂದಳು. ಅವಳು ಹಾಗೆ ಬಂದದ್ದು ಅದೇ ಮೊದಲು. ಕಚೇರಿಯಲ್ಲಿ ಕೂರದೆ ನಿಂತೇ ಶುರುಮಾಡಿದಳು. "ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ಕಣೇ. ಆ ಸಭಾಂಗಣ ಶುರುವಾಗೋದು ಮಕ್ಕಳ ಕಾರ್ಯಕ್ರಮದಿಂದ. ನನ್ನ ಮಗಳೂ ಕುಣೀತಾಳೆ. ತಿಂಗಳಿಂದ ಮನೇಲಿ ಅದೇ ಧಿಮಿಧಿಮಿ. ಒಂದು ಬಾಗಿಲಿಗೋಸ್ಕರ ಅದನ್ನೂ ಹಾಳುಮಾಡ್ತೀಯಾ?"

ಗಟ್ಟಿಗಿತ್ತಿ ವಾದ ಮಾಡಲಿಲ್ಲ. "ಬಾ ಅಕ್ಕ, ತೋರಿಸ್ತೀನಿ," ಎಂದು ಅವಳ ಕೈ ಹಿಡಿದು ಹೊರಟಳು.

ಸಭಾಂಗಣದಲ್ಲಿ ಅಕ್ಕನನ್ನು ವೇದಿಕೆಯ ಮೇಲೆ, ಮಕ್ಕಳು ನಿಲ್ಲುವ ಜಾಗದಲ್ಲಿ ನಿಲ್ಲಿಸಿದಳು. ದೀಪಗಳನ್ನು ಆರಿಸಿದಳು. ಕಿಟಕಿಯಿಲ್ಲದ ಆ ಸಭಾಂಗಣ ಹಾಡುಹಗಲೇ ಬಾವಿಯಂತಾಯಿತು.

"ಈಗ ಹಿಂಬಾಗಿಲಿಂದ ಆಚೆ ಬಾ."

"ಏನೂ ಕಾಣಲ್ವಲ್ಲೇ!"

"ಹೊಗೇಲೂ ಕಾಣಲ್ಲ."

ಅಕ್ಕ ಗೋಡೆ ಸವರುತ್ತ ಹೊರಟಿದ್ದು ಬಳೆಗಳ ಸದ್ದಿನಿಂದ ತಿಳಿಯುತ್ತಿತ್ತು. ಏನೋ ಮರದ ಸಾಮಾನು ದಡಾರನೆ ಬಿತ್ತು. ಅಕ್ಕ ನೋವಿನಿಂದ ಕೂಗಿದಳು. ಆಮೇಲೆ ಬಾಗಿಲು ಸಿಕ್ಕಿತೆಂದು ಕಾಣುತ್ತದೆ, ಒತ್ತುವ ಸದ್ದು ಬಂತು. ಒತ್ತಿದಳು, ಗುದ್ದಿದಳು. "ತೆಗಿಯೇ! ತೆಗಿ ಅಂದ್ರೆ!" ಎಂದು ಕಿರುಚಿದಳು. ಗಟ್ಟಿಗಿತ್ತಿ ದೀಪ ಹಾಕಿದಾಗ ಅಕ್ಕ ಬಾಗಿಲಿಗೆ ಎರಡೂ ಕೈ ಊರಿ ನಿಂತಿದ್ದಳು. ಕೂದಲು ಕೆದರಿತ್ತು. ಮೊಣಕಾಲ ಬಳಿ ಸೀರೆ ಹರಿದಿತ್ತು.

ಇಬ್ಬರೂ ಮೆಟ್ಟಿಲ ಮೇಲೆ ಕೂತರು. "ಬಾಗಿಲು ನಾನು ಸರಿಮಾಡಿಸ್ತೀನಿ. ಹೇಗಾದ್ರೂ ಒಪ್ಪಿಸ್ತೀನಿ," ಎಂದಳು ಅಕ್ಕ. "ಆದ್ರೆ ಇದನ್ನ ಬೀದಿಗೆ ತರ್ಬೇಡ. ನಾಲ್ಕು ಜನರ ಮುಂದೆ ಅವರು ತಲೆ ತಗ್ಗಿಸೋ ಹಾಗೆ ಮಾಡ್ಬೇಡ. ನನ್ನಾಣೆ."

"ಈ ಬಾಗಿಲು ಸರಿಹೋಗತ್ತೆ ಅಕ್ಕ. ಮುಂದಿನ ಬಾಗಿಲಿಗೆ ಯಾರಿರ್ತಾರೆ?"

"ನಂಗೆ ಮುಂದಿಂದು ಬೇಡ. ಮನೆ ಉಳಿಸ್ಕೊಡು."

ಗಟ್ಟಿಗಿತ್ತಿ ಮಾತು ಕೊಡಲಿಲ್ಲ. ಅಕ್ಕ ಅದನ್ನು ಗಮನಿಸಿದಳು. ಎದ್ದು, ಹಿಂತಿರುಗಿ ನೋಡದೆ ಹೋದಳು.

ಹೆದರಿದ್ದಂತೆಯೇ ಆಯಿತು. ನಗರಸಭೆಯ ಮುಂದಿನ ಸಭೆಯಲ್ಲಿ ಚರ್ಚೆಯ ವಿಷಯಗಳ ನಡುವೆ ಒಂದು ಸಾಲು ತೂರಿಕೊಂಡು ಬಂತು. ಆಡಳಿತದ ಹಿತದೃಷ್ಟಿಯಿಂದ ಠಾಣಾಧಿಕಾರಿಯನ್ನು ಉದ್ಯಾನ ವಿಭಾಗಕ್ಕೆ ವರ್ಗಾಯಿಸುವುದು, ಅವಳ ಜಾಗಕ್ಕೆ ತಾತ್ಕಾಲಿಕವಾಗಿ ಇನ್ನೊಬ್ಬರನ್ನು ನೇಮಿಸುವುದು. ಇನ್ನೊಬ್ಬರು ಯಾರೆಂದು ಹೇಳಬೇಕಿರಲಿಲ್ಲ. ಕಪ್ಪು ಕನ್ನಡಕ ಹೊರಗಿನ ಮೊಗಸಾಲೆಯಲ್ಲಿ ಹೊಸ ಷರ್ಟು ತೊಟ್ಟು ಅಡ್ಡಾಡುತ್ತಿತ್ತು.

ಗಟ್ಟಿಗಿತ್ತಿ ಸಮವಸ್ತ್ರದಲ್ಲಿ ಅಧಿಕಾರಿಗಳ ಸಾಲಿನಲ್ಲಿ ಕೂತಿದ್ದಳು. ಸಾರ್ವಜನಿಕರ ಬೆಂಚುಗಳ ಕಡೆ ನೋಡಿದವಳಿಗೆ ಆಶ್ಚರ್ಯವಾಯಿತು. ಯಾವಾಗಲೂ ಖಾಲಿ ಹೊಡೆಯುವ ಬೆಂಚುಗಳು ಕಿಕ್ಕಿರಿದಿದ್ದವು. ಬಹುತೇಕ ತಾಯಂದಿರು, ಕೆಲವು ತಂದೆಯರು, ಶಾಲೆಯ ಇಬ್ಬರು ಮೇಷ್ಟರು. ಸಭಾಂಗಣದ ಹಿಂಬಾಗಿಲು ಹೇಗಿದೆಯೆಂದು ಯಾರೋ ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಹೇಳಿದ್ದಳು, ಅದು ಬಾಯಿಂದ ಬಾಯಿಗೆ ಹರಿದಿತ್ತು. ಆ ಮೊದಲ ತಾಯಿ ಯಾರು ಎಂದು ಗಟ್ಟಿಗಿತ್ತಿಗೆ ಗೊತ್ತಾಯಿತು. ಅಕ್ಕ ಮಾತ್ರ ಅಲ್ಲಿರಲಿಲ್ಲ.

ಆ ಸಾಲು ಓದಿದಾಗ ಹಳೆಯ ಸದಸ್ಯೆಯೊಬ್ಬರು ಕೈಯೆತ್ತಿದರು. ಮೊದಲು ಗಣಿತದ ಟೀಚರ್ ಆಗಿದ್ದವರು. "ನೇಮಿಸಿ ತಿಂಗಳೊಪ್ಪತ್ತಾಗಿಲ್ಲ, ಆಗಲೇ ವರ್ಗ ಯಾಕೆ? ಆಯಮ್ಮ ಏನು ತಪ್ಪು ಮಾಡಿದಾರೆ? ಅವರನ್ನೇ ಕೇಳೋಣ."

ಭಾವ ಬೇಡವೆನ್ನುವ ಮೊದಲೇ ಅವಳು ಎದ್ದು ನಿಂತಿದ್ದಳು. ಉರಿಯುವ ಮನೆಯೊಳಗೆ ಹೋಗುವಾಗಲೂ ಅವಳಿಗೆ ಇಷ್ಟು ಹೆದರಿಕೆಯಾಗಿರಲಿಲ್ಲ.

"ನನ್ನ ನೇಮಕಾನೇ ತಪ್ಪು," ಎಂದಳು. "ನನಗಿಂತ ಹಿರಿಯರು, ಹೆಚ್ಚು ಬಲ್ಲವರು ಇದ್ರು. ಅವರು ಒಂದು ಬಾಗಿಲಿನ ವಿಷಯದಲ್ಲಿ ಇಲ್ಲ ಅಂದ್ರು. ನಾನು ಅಧ್ಯಕ್ಷರ ನಾದಿನಿ, ಹೂಂ ಅಂತೀನಿ ಅಂತ ನನ್ನ ಕೂರಿಸಿದ್ರು. ನಾನೂ ಇಲ್ಲ ಅಂದೆ. ಈಗ ಹೂಂ ಅನ್ನೋ ಮೂರನೆಯವರನ್ನ ಹುಡುಕ್ತಿದೀರಿ. ಅಧ್ಯಕ್ಷರು ನನ್ನನ್ನ ಮಗಳ ಹಾಗೆ ಸಾಕಿದಾರೆ. ಆ ಋಣ ನನ್ನದು, ನಾನು ತೀರಿಸ್ತೀನಿ. ಊರಿನ ಮಕ್ಕಳು ತೀರಿಸೋ ಹಾಗಾಗಬಾರದು. ಠಾಣೆಯ ಈ ಹುದ್ದೆಗೆ ಬಹಿರಂಗ ಪರೀಕ್ಷೆ ಇಡಿ. ಬೇರೆ ಊರಿನ ಪರೀಕ್ಷಕರನ್ನ ಕರೆಸಿ. ಯಾರು ಬೇಕಾದ್ರೂ ಬರಲಿ. ನಾನೂ ಬರ್ತೀನಿ, ಅಧ್ಯಕ್ಷರ ತಮ್ಮನೂ ಬರಲಿ. ಗೆದ್ದವರಿಗೆ ಠಾಣೆಯ ಬೀಗದ ಕೈ ಕೊಟ್ಟು ಸೆಲ್ಯೂಟ್ ಹೊಡೀತೀನಿ."

ಭಾವನ ಮುಖ ಅವಳು ನೋಡಲಿಲ್ಲ. ನೋಡಿದ್ದರೆ ಮಾತು ಮುಗಿಯುತ್ತಿರಲಿಲ್ಲ.

ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಸಭೆಯಲ್ಲಿ ಕುಳಿತವರ ಪೈಕಿ ಒಬ್ಬರ ಅಳಿಯ ನೀರಿನ ವಿಭಾಗದಲ್ಲಿದ್ದ, ಇನ್ನೊಬ್ಬರ ಷಡ್ಡಕ ಬೀದಿದೀಪ ನೋಡಿಕೊಳ್ಳುತ್ತಿದ್ದ. ಈ ಪರೀಕ್ಷೆಯ ಗಾಳಿ ಬೀಸಿದರೆ ತಮ್ಮ ಸೂರೂ ಹಾರೀತು ಎಂಬ ಭಯ ಎಲ್ಲರಿಗೂ. ಆದರೆ ಬೆಂಚುಗಳಲ್ಲಿದ್ದ ತಾಯಂದಿರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು, ಒಬ್ಬೊಬ್ಬರದೂ ಒಂದೊಂದು ಮತ. ಟೀಚರಮ್ಮ ಮೊದಲು ಕೈಯೆತ್ತಿದರು. ಅವರ ಪಕ್ಕದವರು ಬೆಂಚಿನ ಕಡೆ ಕಣ್ಣು ಹಾಯಿಸಿ ನಿಧಾನವಾಗಿ ಎತ್ತಿದರು. ಆಮೇಲೆ ಒಂದೊಂದೇ ಕೈ ಮೇಲೆದ್ದಿತು. ಕೂದಲೆಳೆಯಷ್ಟು ಅಂತರದಲ್ಲಿ ಪರೀಕ್ಷೆಯ ಪ್ರಸ್ತಾಪ ಗೆದ್ದಿತು.

ಪರೀಕ್ಷೆ ಠಾಣೆಯ ಅಂಗಳದಲ್ಲೇ ನಡೆಯಿತು, ಜನರ ಎದುರು. ಭಾವನ ತಮ್ಮ ಬಂದ, ಅದಕ್ಕಾದರೂ ಅವನನ್ನು ಮೆಚ್ಚಬೇಕು. ಹೊಗೆ ತುಂಬಿದ ಕೋಣೆಗೆ ಕನ್ನಡಕ ಹಾಕಿಕೊಂಡೇ ನುಗ್ಗಿ, ಕೆಮ್ಮುತ್ತ ಹೊರಬಂದು, "ಒಳಗೆ ಏನೂ ಕಾಣಲ್ಲ ಸ್ವಾಮಿ!" ಎಂದ. ಜನ ಬಿದ್ದು ಬಿದ್ದು ನಕ್ಕರು. ಏಣಿಯಲ್ಲೂ ಓಟದಲ್ಲೂ ಗಟ್ಟಿಗಿತ್ತಿಯೇ ಮುಂದಿದ್ದಳು. ಆದರೆ ಅಣಕು ಬೆಂಕಿಯಲ್ಲಿ ತಂಡ ನಡೆಸುವ ಪರೀಕ್ಷೆ ಬಂದಾಗ, ಅವಳು ಎಂದಿನಂತೆ ತಾನೇ ಒಳಗೆ ನುಗ್ಗಿದಳು. ಹೊರಗೆ ಉಳಿದವರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಸಿಡುಕಣ್ಣ ಗಾಡಿಯ ಪಕ್ಕದಿಂದ ಒಂದು ಹೆಜ್ಜೆ ಕದಲದೆ, ಯಾರು ಎಲ್ಲಿದ್ದಾರೆಂದು ಪ್ರತಿ ಗಳಿಗೆಯೂ ತಿಳಿದುಕೊಂಡು, ಎಲ್ಲರನ್ನೂ ಹೊರಗೆ ತಂದ. ಅವನು ಮೊದಲನೆಯವನಾದ, ಅವಳು ಎರಡನೆಯವಳು.

ಸೋತದ್ದಕ್ಕೆ ಅವಳಿಗೆ ನೋವಾಯಿತು. ಗೆಲ್ಲಬೇಕೆಂದೇ ಓಡಿದ್ದಳು. ಆದರೂ ಕೊಟ್ಟ ಮಾತಿನಂತೆ ಬೀಗದ ಕೈ ಕೊಟ್ಟು, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದಳು. ಸಿಡುಕಣ್ಣ ಬೀಗದ ಕೈಯನ್ನು ಜೇಬಿಗೆ ಇಳಿಸಿದ. "ಟೋಪಿ ನೆಟ್ಟಗೆ ಹಾಕ್ಕೋ," ಎಂದ.

ಸಭಾಂಗಣಕ್ಕೆ ಹೊಸ ಬಾಗಿಲುಗಳು ಬಂದವು. ಮಕ್ಕಳು ತಡವಾಗಿ ಕುಣಿದರು, ಚೆನ್ನಾಗಿಯೇ ಕುಣಿದರು. ಗಟ್ಟಿಗಿತ್ತಿ ಹಿಂದಿನ ಸಾಲಿನಲ್ಲಿ ನಿಂತು ನೋಡಿದಳು. ಭಾವ ಮುಂದಿನ ಸಾಲಿನಲ್ಲಿದ್ದರು, ತಿರುಗಲಿಲ್ಲ. ಅಂದಿನಿಂದ ಆ ಮನೆಯ ಬಾಗಿಲು ಅವಳಿಗೆ ಮುಚ್ಚಿತು. ಅಕ್ಕ ಅಮ್ಮನಿಗೆ ಫೋನು ಮಾಡುತ್ತಾಳೆ. ಮಾತು ಮುಗಿಯುವಾಗ "ಅವಳು ಊಟ ಸರಿಯಾಗಿ ಮಾಡ್ತಾಳಾ?" ಎಂದು ಕೇಳುತ್ತಾಳೆ. ಅವಳ ಕೈಗೆ ಕೊಡು ಎಂದು ಇನ್ನೂ ಹೇಳಿಲ್ಲ. ಅಮ್ಮ ಕೆಲವೊಮ್ಮೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಆಗ ಗಟ್ಟಿಗಿತ್ತಿ ಸುಮ್ಮನೆ ಅವಳ ಪಕ್ಕ ಕೂರುತ್ತಾಳೆ. ತಪ್ಪಾಯಿತು ಎನ್ನುವುದಿಲ್ಲ.

ಮುಂದಿನ ವರ್ಷ ಠಾಣೆಗೆ ಹೊಸಬರನ್ನು ತೆಗೆದುಕೊಳ್ಳುವ ಸುದ್ದಿ ಹಬ್ಬಿತು, ಅದಕ್ಕೂ ಬಹಿರಂಗ ಪರೀಕ್ಷೆ. ಒಂದು ಸಂಜೆ ಅಮ್ಮ ಮಗಳ ಬೆನ್ನಿಗೆ ನೋವಿನೆಣ್ಣೆ ತಿಕ್ಕುತ್ತ ಮೆಲ್ಲಗೆ ಮಾತು ತೆಗೆದಳು. "ನನ್ನಣ್ಣನ ಮಗಳು, ಆ ಕಡ್ಡಿ ಹುಡುಗಿ, ಅರ್ಜಿ ಹಾಕಿದಾಳಂತೆ. ಪರೀಕ್ಷೆ ಮಾಡೋರಲ್ಲಿ ನೀನೂ ಒಬ್ಬಳಂತೆ. ಸ್ವಲ್ಪ ನೋಡ್ಕೊಳ್ಳೇ."

ಗಟ್ಟಿಗಿತ್ತಿಗೆ ನಗು ಬಂತು. ಅದರ ಬೆನ್ನಿಗೇ ಒಳಗೆ ಏನೋ ಜಗ್ಗಿತು. ಆ ಹುಡುಗಿಯನ್ನು ಅವಳು ಎತ್ತಿ ಆಡಿಸಿದ್ದಳು. ಮಾವನ ಮನೆಯ ಪರಿಸ್ಥಿತಿಯೂ ಗೊತ್ತಿತ್ತು. ಇಲ್ಲ ಎನ್ನುವುದು ಅಷ್ಟು ಸುಲಭವಲ್ಲ ಎಂದು ಈಗ ತನ್ನ ಮೈಯಿಂದಲೇ ತಿಳಿಯಿತು. ಭಾವನ ಮುಖ ಕಣ್ಣಮುಂದೆ ಬಂತು, ಈ ಸಲ ಸಿಟ್ಟಿಲ್ಲದೆ.

"ಪರೀಕ್ಷಕರ ಪಟ್ಟಿಯಿಂದ ನಾಳೇನೇ ನನ್ನ ಹೆಸರು ತೆಗೆಸ್ತೀನಿ ಅಮ್ಮ," ಎಂದಳು. "ಅವಳಿಗೆ ಹೇಳು, ಬೆಳಗ್ಗೆ ಠಾಣೆ ಅಂಗಳಕ್ಕೆ ಬರಲಿ. ಏಣಿ ಹತ್ತೋದು ಕಲಿಸ್ತೀನಿ. ಅವಳೊಬ್ಬಳಿಗೇ ಅಲ್ಲ. ಅರ್ಜಿ ಹಾಕಿದೋರು ಯಾರು ಬಂದ್ರೂ ಕಲಿಸ್ತೀನಿ. ಗೇಟಿಗೆ ಬರೆದು ಅಂಟಿಸ್ತೀನಿ."

"ಎಲ್ಲರಿಗೂ ಕಲಿಸಿದ್ರೆ ನಮ್ಮವಳಿಗೆ ಏನು ಬಂತು ಲಾಭ?"

"ಏಣಿ ಹತ್ತಕ್ಕೆ ಬರತ್ತಲ್ಲಮ್ಮ."

ಅಮ್ಮ ಸಿಟ್ಟಿನಿಂದ ಎಣ್ಣೆಯನ್ನು ಇನ್ನಷ್ಟು ಗಟ್ಟಿಯಾಗಿ ತಿಕ್ಕಿದಳು. ನೋವಿದ್ದ ಬೆನ್ನಿಗೆ ಅದು ಹಿತವಾಗಿಯೇ ಇತ್ತು.

ಬೆಳಗ್ಗೆ ಬಿಸಿಲು ಇನ್ನೂ ಗೋಡೆ ಇಳಿದಿರಲಿಲ್ಲ. ಅಂಗಳದ ಗೇಟಿನಲ್ಲಿ ಕಡ್ಡಿ ಹುಡುಗಿ ನಿಂತಿದ್ದಳು. ಅವಳ ಹಿಂದೆ ಮಾರುಕಟ್ಟೆಯಲ್ಲಿ ಮೂಟೆ ಹೊರುವ ತರುಣನೊಬ್ಬ, ಅವನ ಹಿಂದೆ ಅಕ್ಕತಂಗಿಯರಿಬ್ಬರು, ಇನ್ನೂ ಯಾರುಯಾರೋ. ಯಾರು ಯಾರ ಕಡೆಯವರೆಂದು ಗಟ್ಟಿಗಿತ್ತಿ ಕೇಳಲಿಲ್ಲ. ಏಣಿಯನ್ನು ಗೋಡೆಗೆ ಒರಗಿಸಿ, ಅದರ ಬುಡವನ್ನು ಕಾಲಿನಿಂದ ಒತ್ತಿ ಹಿಡಿದಳು.

"ಬನ್ನಿ, ಒಬ್ಬೊಬ್ಬರೇ," ಎಂದಳು. "ಕೆಳಗೆ ನೋಡ್ಬೇಡಿ. ನಾನು ಹಿಡ್ಕೊಂಡಿರ್ತೀನಿ. ಹತ್ತೋದು ಮಾತ್ರ ನೀವೇ."